11 ಮೀಟರ್ ಆಳದಲ್ಲಿ ಕಚ್ಚಿಕೊಂಡ ರೀಲ್: ಒಂದು ಸ್ಪಿಯರ್‌ಫಿಶಿಂಗ್ ಪ್ರಕರಣ

ಸಿಡ್ನಿಯಲ್ಲಿ ಕೆಲಸ ಮಾಡುವ ಮೂಲ್ಕಿ ಕಡೆಯ ಹುಡುಗನೊಬ್ಬ ಹೋದ ಬೇಸಿಗೆಯಲ್ಲಿ ಕಿಂಗ್‌ಫಿಶ್ ಒಂದಕ್ಕೆ ಈಟಿ ಹೊಡೆದ. ಮೀನು ಬಂಡೆಯ ಸಂದಿಗೆ ನುಗ್ಗಿತು. ಈಟಿ ಹಾರಿಸುವ ಗನ್ನಿಗೆ ಕಟ್ಟಿದ್ದ, ದಾರ ಸುತ್ತಿದ ರೀಲ್ ಸ್ವಲ್ಪ ಲೈನ್ ಬಿಟ್ಟು ಅಲ್ಲೇ ಕಚ್ಚಿಕೊಂಡಿತು. ಗನ್ನಿನ ಹಿಡಿಯನ್ನು ಅವನು ಸೊಂಟದ ಬೆಲ್ಟಿಗೆ ಕ್ಲಿಪ್ ಮಾಡಿಕೊಂಡಿದ್ದ. ಹಾಗಾಗಿ ಸಂದಿಯಲ್ಲಿದ್ದ ಮೀನಿಗೂ ಉಸಿರು ಕಟ್ಟಿ ಮೇಲೆ ಬರಬೇಕಾಗಿದ್ದ ಅವನಿಗೂ ನಡುವೆ ಬಿಗಿಯಾದ ಒಂದೇ ಹಗ್ಗ ಉಳಿಯಿತು. ಮುಳುಗಲು ಕಟ್ಟಿಕೊಂಡಿದ್ದ ಆ ತೂಕದ ಬೆಲ್ಟನ್ನೇ ಕಳಚಿ ಬಿಟ್ಟು ಅವನು ಮೇಲೆ ಬಂದ.

ಅವನಿಗೆ ಏನೂ ಆಗಲಿಲ್ಲ. ಆದರೆ ಏನು ಬೇಕಾದರೂ ಆಗಬಹುದಿತ್ತು. ಮರುದಿನ ಗನ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಇದರಲ್ಲಿ ಎಂತ ತಪ್ಪುಂಟು ನೋಡಿ ಅಣ್ಣ" ಅಂದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನು ಮತ್ತು ಅವನ ಜೊತೆಗಾರ ಹೇಳಿದ್ದು, ನಾವು ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದ್ದು, ಆಮೇಲೆ ಹೊಸದಾಗಿ ಕಟ್ಟಿದ್ದು ಎಲ್ಲ ಇಲ್ಲಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ನಮ್ಮ ಹುಡುಗರು ಈ ಹವ್ಯಾಸಕ್ಕೆ ಇಳಿಯುವುದನ್ನು ನೋಡುತ್ತಿದ್ದೇನೆ. ಗನ್ ಎಷ್ಟು ಉದ್ದ ಇರಬೇಕು, ರಬ್ಬರ್ ಎಷ್ಟು ದಪ್ಪ ಇರಬೇಕು ಅಂತ ತುಂಬಾ ಕೇಳುತ್ತಾರೆ. ಲೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಅದೇ ಮೊದಲ ಪ್ರಶ್ನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಪಿಯರ್‌ಫಿಶಿಂಗ್ ಅಂದರೆ ಉಸಿರು ಕಟ್ಟಿ ಮುಳುಗಿ, ರಬ್ಬರಿನ ಎಳೆತದಿಂದ ಚಿಮ್ಮುವ ಈಟಿಯಿಂದ ಮೀನು ಹೊಡೆಯುವುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೆ ಸ್ಕೂಬಾ ಸಿಲಿಂಡರ್ ಬಳಸುವಂತಿಲ್ಲ, ಮೀನುಗಾರಿಕೆ ಶುಲ್ಕ ಕಟ್ಟಿರಬೇಕು. ಈಟಿಯ ಬಾಲಕ್ಕೆ ಕಟ್ಟಿರುವ ಮೂರ್ನಾಲ್ಕು ಮೀಟರಿನ ಗಟ್ಟಿ ದಾರ ಶೂಟಿಂಗ್ ಲೈನ್. ಅದರ ಇನ್ನೊಂದು ತುದಿ ಗನ್ನಿನ ಮೂತಿಗೋ, ಗನ್ನಿನ ಹೊಟ್ಟೆಗೆ ಕೂರಿಸಿದ ರೀಲಿಗೋ, ಅಥವಾ ನೀರಿನ ಮೇಲೆ ತೇಲುವ ಬುರುಡೆಯಿಂದ ಇಳಿಬಿಟ್ಟ ಫ್ಲೋಟ್ ಲೈನಿಗೋ ಸೇರುತ್ತದೆ. ಈ ಇನ್ನೊಂದು ತುದಿಯ ಆಯ್ಕೆಯೇ ಈ ಬರಹದ ವಿಷಯ.

ನಡೆದದ್ದು

ಹುಡುಗನಿಗೆ ನೀರು ಹೊಸದಲ್ಲ. ಊರಲ್ಲಿ ಚಿಕ್ಕಂದಿನಿಂದ ಬಂಡೆಗಳಿಗೆ ಇಳಿದು ಪಚ್ಚಿಲೆ ಅನ್ನುವ ಚಿಪ್ಪು ಕಿತ್ತವನು. ಅಲೆ ಓದಲು ಬರುತ್ತದೆ, ಉಸಿರು ಚೆನ್ನಾಗಿ ಹಿಡಿಯುತ್ತಾನೆ. ಆದರೆ ಪಚ್ಚಿಲೆ ಓಡಿ ಹೋಗುವುದಿಲ್ಲ, ಎಳೆಯುವುದೂ ಇಲ್ಲ. ಓಡುವ ಮೀನಿಗೂ ತನಗೂ ನಡುವೆ ಹಗ್ಗ ಇಟ್ಟುಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

ಗನ್ ಸೆಕೆಂಡ್ ಹ್ಯಾಂಡ್. 100 ಸೆಂಟಿಮೀಟರಿನದು, ಅಲ್ಯೂಮಿನಿಯಂ ಕೊಳವೆ, 7 ಮಿಲಿಮೀಟರ್ ಈಟಿ, ಕೆಳಗೆ ಚಿಕ್ಕ ರೀಲ್. ಮಾರಿದವನು ರೀಲಿಗೆ ಲೈನ್ ಸುತ್ತಿಯೇ ಕೊಟ್ಟಿದ್ದ. ಹಿಡಿಯಿಂದ ಒಂದು ಹಿಗ್ಗುವ ಬಳ್ಳಿ, ಅದರ ತುದಿಗೆ ಸ್ಟೀಲ್ ಕ್ಲಿಪ್, ಅದು ವೇಟ್ ಬೆಲ್ಟಿಗೆ. ಗನ್ ಕೈತಪ್ಪಿ ಕಳೆದುಹೋಗಬಾರದು ಅಂತ ಅವನೇ ಹಾಕಿಕೊಂಡದ್ದು. ಕಷ್ಟಪಟ್ಟು ದುಡಿದ ದುಡ್ಡಿನ ಗನ್, ಆ ಭಯ ಸಹಜ.

ಅಲ್ಲಿಯವರೆಗೆ ಹೊಡೆದದ್ದೆಲ್ಲ ಸಣ್ಣ ಮೀನು. ಆವತ್ತು ಬೆಚ್ಚಗಿನ ನೀರು ಬಂದಿತ್ತು. ಬೇಸಿಗೆ ಮತ್ತು ಅದರ ನಂತರದ ತಿಂಗಳುಗಳಲ್ಲಿ ಪೂರ್ವ ಆಸ್ಟ್ರೇಲಿಯಾ ಪ್ರವಾಹ ಅನ್ನುವ ಕಡಲ ಹರಿವು ಉತ್ತರದ ಬಿಸಿನೀರನ್ನು ತಳ್ಳಿಕೊಂಡು ಬರುತ್ತದೆ, ಅದರ ಜೊತೆ ಯೆಲ್ಲೋಟೇಲ್ ಕಿಂಗ್‌ಫಿಶ್ ಹಿಂಡುಗಳು ಬರುತ್ತವೆ. ಊರಿನ ಹೋಟೆಲ್ ಮೆನುವಿನಲ್ಲಿ ಕಿಂಗ್‌ಫಿಶ್ ಅಂತ ಬರೆಯುವ ಅಂಜಲ್ ಅಲ್ಲ ಇದು, ಬೇರೆಯೇ ಜಾತಿ. ಪೆಟ್ಟು ಬಿದ್ದ ಕ್ಷಣ ತಳಕ್ಕೆ ತಲೆ ಹಾಕಿ, ಸಿಕ್ಕ ಬಂಡೆಗೆ ಲೈನನ್ನು ಉಜ್ಜಿ ಕತ್ತರಿಸುವ ಮೀನು. ಗಾಳ ಹಾಕುವವರಿಗೂ ಇದೇ ತಲೆನೋವು.

ತಳ 11 ಮೀಟರ್ ಇತ್ತು. ಅವನು ತಳದಲ್ಲಿ ಬಂಡೆಗೆ ಒರಗಿ ಕಾದ. ಹಿಂಡು ಸುತ್ತು ಹಾಕಿ ಹತ್ತಿರ ಬಂತು. ಹೊಡೆದ. ಈಟಿ ಬೆನ್ನಿನ ಹಿಂಭಾಗಕ್ಕೆ ಬಿತ್ತು, ಅಂದರೆ ಮೀನಿನ ಶಕ್ತಿ ಪೂರ್ತಿ ಉಳಿದಿತ್ತು. ರೀಲ್ ಜರ್‍ರನೆ ತಿರುಗಿತು, ಅವನು ಗನ್ ಹಿಡಿದುಕೊಂಡೇ ಮೇಲೆ ಹೊರಟ. ಎರಡು ಮೂರು ಕಿಕ್ ಹೊಡೆಯುವಷ್ಟರಲ್ಲಿ ರೀಲ್ ನಿಂತಿತು. ಗನ್ ಕೈಯಿಂದ ಕಿತ್ತುಕೊಂಡು ಹೋಯಿತು. ಮರುಕ್ಷಣ ಸೊಂಟ ಹಿಡಿದು ಯಾರೋ ಕೆಳಕ್ಕೆ ಎಳೆದ ಹಾಗಾಯಿತು.

ಸುಮಾರು 7 ಮೀಟರ್ ಆಳದಲ್ಲಿ ಅವನು ನಿಂತುಬಿಟ್ಟ. ಕೈ ಕ್ಲಿಪ್ಪಿಗೆ ಹೋಯಿತು. ಕ್ಲಿಪ್ಪಿನ ಬಾಯಿ ತೆರೆಯಬೇಕಾದರೆ ಮೊದಲು ಬಳ್ಳಿ ಸ್ವಲ್ಪ ಸಡಿಲಾಗಬೇಕು. ಬಳ್ಳಿ ಬಿಗಿದು ನಿಂತಿತ್ತು, ಕೈಯಲ್ಲಿ ಗ್ಲೌಸ್ ಬೇರೆ. ಚಾಕು ಬಲಗಾಲಿನ ಮೀನಖಂಡದ ಹೊರಬದಿಗೆ ಇತ್ತು, ಅಲ್ಲಿಗೆ ಬಾಗಲು ಎಳೆತ ಬಿಡಲಿಲ್ಲ. ಆಗ ಬೆಲ್ಟಿನ ಬಕಲ್ ಎಳೆದ. ಬೆಲ್ಟ್, ಕ್ಲಿಪ್, ಗನ್ ಎಲ್ಲ ಕೆಳಗೆ ಹೋದವು. ಅವನು ಮೇಲೆ ಬಂದ. ಮೇಲಿನಿಂದ ನೋಡುತ್ತಿದ್ದ ಜೊತೆಗಾರ ಅಷ್ಟರಲ್ಲಿ ಇಳಿದು 5 ಮೀಟರಿನಲ್ಲಿ ಅವನ ತೋಳು ಹಿಡಿದಿದ್ದ.

ಅವನ ಕೈಗಡಿಯಾರದ ಲೆಕ್ಕದಲ್ಲಿ ಆ ಡೈವ್ 1 ನಿಮಿಷ 34 ಸೆಕೆಂಡ್. ಅವನ ಮಾಮೂಲಿ ಡೈವ್ ಒಂದು ನಿಮಿಷ ದಾಟುವುದಿಲ್ಲ. ಜಾಸ್ತಿಯಾದ ಆ ಅರ್ಧ ನಿಮಿಷ ಪೂರ್ತಿ ಅವನು ಹೋರಾಡಿದ್ದ, ಅಂದರೆ ಆಮ್ಲಜನಕವನ್ನು ಧಾರಾಳವಾಗಿ ಸುಟ್ಟಿದ್ದ. 11 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ದುಪ್ಪಟ್ಟಿಗೂ ಸ್ವಲ್ಪ ಹೆಚ್ಚು. ಆ ಒತ್ತಡದಲ್ಲಿ ಶ್ವಾಸಕೋಶದಲ್ಲಿ ಉಳಿದ ಸ್ವಲ್ಪವೇ ಆಮ್ಲಜನಕವೂ ರಕ್ತಕ್ಕೆ ಸೇರುತ್ತಿರುತ್ತದೆ, ಹಾಗಾಗಿ ಕೆಳಗೆ ಎಚ್ಚರ ಇರುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿದಾಗ ಅದೂ ಸಾಲದಾಗಿ, ಕೊನೆಯ ಕೆಲವು ಮೀಟರಿನಲ್ಲೋ, ಮೇಲೆ ಬಂದ ಮೇಲೋ ಪ್ರಜ್ಞೆ ತಪ್ಪುತ್ತದೆ. ಬ್ಲ್ಯಾಕೌಟ್ ಅನ್ನುವುದು ಇದನ್ನೇ. ಜೊತೆಗಾರ ಅವನನ್ನು ಫ್ಲೋಟಿಗೆ ಒರಗಿಸಿ, ಮುಖ ನೀರಿನ ಮೇಲಿಟ್ಟು, ಉಸಿರು ಸರಿಯಾಗುವವರೆಗೆ ಕಣ್ಣು ತೆಗೆಯದೆ ನೋಡುತ್ತಾ ನಿಂತ. ಜೊತೆಗಾರ ಮಾಡಿದ್ದು ನೂರಕ್ಕೆ ನೂರು ಸರಿ.

ಆಮೇಲೆ ಜೊತೆಗಾರ ಇನ್ನೊಬ್ಬ ಅನುಭವಿಯನ್ನು ಕರೆದುಕೊಂಡು ಹೋಗಿ ಗನ್, ಬೆಲ್ಟ್ ಎರಡನ್ನೂ ಎತ್ತಿದ. ಮೀನೂ ಸಿಕ್ಕಿತು, 82 ಸೆಂಟಿಮೀಟರ್. ಈಟಿ ಬಾಗಿತ್ತು.

ಗ್ಯಾರೇಜಿನಲ್ಲಿ ಸಿಕ್ಕಿದ್ದು

ಮೊದಲು ರೀಲ್ ಬಿಚ್ಚಿದೆವು. ಡ್ರ್ಯಾಗ್, ಅಂದರೆ ರೀಲ್ ತಿರುಗುವುದನ್ನು ತಡೆಯುವ ಬ್ರೇಕ್, ಬಿಗಿಯಾಗಿದ್ದಿರಬೇಕು ಅಂತ ಅವನ ಅನುಮಾನ. ಡ್ರ್ಯಾಗ್ ಬಿಗಿಯಾಗಿ ಇತ್ತು ನಿಜ, ಆದರೆ ರೀಲ್ ನಿಂತದ್ದು ಅದರಿಂದಲ್ಲ. ಹೊರಗೆ ಬಂದಿದ್ದ ಲೈನ್ ಅಳೆದರೆ 9 ಮೀಟರ್. ಅಲ್ಲಿ ದಾರ ತನ್ನ ಕೆಳಗಿನ ಸುತ್ತುಗಳ ನಡುವೆ ಹೂತುಹೋಗಿತ್ತು. ಉಗುರಿನಿಂದ ಎಬ್ಬಿಸಲು ಆಗಲಿಲ್ಲ, ಸೂಜಿ ಬೇಕಾಯಿತು. ಕಾರಣ ಸರಳ. ಸುತ್ತಿದವನು ಒಣ ದಾರವನ್ನು ಸುಮ್ನೆ ಕೈಯಲ್ಲಿ, ಸಡಿಲವಾಗಿ ಸುತ್ತಿದ್ದಾನೆ. ಸಡಿಲ ಸುತ್ತುಗಳ ಮೇಲೆ ಮೀನಿನ ಎಳೆತ ಬಿದ್ದರೆ ತೆಳು ದಾರ ಚಾಕುವಿನಂತೆ ಒಳಗಿಳಿದು ಸಿಕ್ಕಿಹಾಕಿಕೊಳ್ಳುತ್ತದೆ. ಅಂಗಡಿಯಲ್ಲಿ, ಮನೆಯಲ್ಲಿ ಕೈಯಿಂದ ಎಳೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಎರಡನೆಯದು, ಉದ್ದ. ಪೂರ್ತಿ ಬಿಚ್ಚಿ ಅಂಗಳದಲ್ಲಿ ಹಾಸಿದರೆ 20 ಮೀಟರ್ ಮಾತ್ರ. ರೀಲ್ ಸಿಕ್ಕಿಕೊಳ್ಳದೇ ಇದ್ದರೂ ಇದು ಸಾಲುತ್ತಿತ್ತಾ? ಅವನು ಮೇಲೆ ತೇಲುತ್ತಿದ್ದಾನೆ, ತಳ 11 ಮೀಟರ್, ಮೀನು ತಳದಲ್ಲೇ 20 ಮೀಟರ್ ಆಚೆ ಹೋಗಿದೆ ಅಂತಿಟ್ಟುಕೊಳ್ಳಿ. ನೇರ ಗೆರೆಯಲ್ಲಿ ಅಳೆದರೇ ಹತ್ತಿರ ಹತ್ತಿರ 23 ಮೀಟರ್ ಬೇಕು. ಮೀನು 30 ಮೀಟರ್ ಹೋದರೆ 32. ಬಂಡೆ ಬಳಸಿ ಹೋದರೆ ಇನ್ನೂ ಜಾಸ್ತಿ. 3 ಮೀಟರ್ ಶೂಟಿಂಗ್ ಲೈನ್ ಸೇರಿಸಿದರೂ ಅವನ ಲೈನ್ 23ಕ್ಕೆ ಮುಗಿಯುತ್ತದೆ. ಕಿಂಗ್‌ಫಿಶ್ 20 ಮೀಟರ್ ಓಡುವುದು ದೊಡ್ಡ ವಿಷಯವೇ ಅಲ್ಲ.

ಮೂರನೆಯದು, ದಾರದ ಗುಣ. 1.5 ಮಿಲಿಮೀಟರ್ ಡೈನೀಮಾ, ಒಂದು ಬಗೆಯ ಕೃತಕ ನೂಲಿನ ದಾರ. ಬಲದ ವಿಷಯದಲ್ಲಿ ದೂರಿಲ್ಲ, ಇಷ್ಟು ತೆಳುವಿಗೆ ಇಷ್ಟು ಗಟ್ಟಿ ದಾರ ಬೇರೆ ಸಿಗುವುದು ಕಷ್ಟ. ಆದರೆ ಡೈನೀಮಾ ನೀರಿಗಿಂತ ಹಗುರ, ಸಡಿಲಾದಾಗ ತೇಲುತ್ತದೆ. ಮೀನು ತಿರುಗಿ ನಿಮ್ಮ ಕಡೆಗೇ ಬಂದರೆ ಸಡಿಲವಾದ ದಾರ ಮೇಲೆದ್ದು ನಿಮ್ಮ ಕಾಲು, ಫಿನ್ನು, ಸ್ನಾರ್ಕೆಲ್ ಸುತ್ತ ಕುಣಿಕೆ ಕುಣಿಕೆಯಾಗಿ ನಿಲ್ಲುತ್ತದೆ. ಆ ಕುಣಿಕೆಯೊಳಗೆ ಕಾಲಿರುವಾಗ ಮೀನು ಮತ್ತೆ ಓಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಇಷ್ಟು ತೆಳು ದಾರವನ್ನು ಕೈಯಲ್ಲಿ ಹಿಡಿದು ಮೀನು ಎಳೆಯಲು ಆಗುವುದಿಲ್ಲ, ಗ್ಲೌಸ್ ಇದ್ದರೂ ಜಾರುತ್ತದೆ, ಇಲ್ಲದಿದ್ದರೆ ಕೊಯ್ಯುತ್ತದೆ. ಹಿಡಿತ ಸಿಗಲಿ ಅಂತ ಜನ ಕೈಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. ದಯವಿಟ್ಟು ಯಾವತ್ತೂ ಹಾಗೆ ಮಾಡಬೇಡಿ.

ಚಾಕುವನ್ನೂ ಪರೀಕ್ಷಿಸಿದೆವು. ನುಣುಪು ಅಂಚಿನದು, ಹರಿತ ಇತ್ತು. ದಾರವನ್ನು ಬಿಗಿಯಾಗಿ ಹಿಡಿದಾಗ ಎರಡು ಎಳೆತಕ್ಕೆ ಕತ್ತರಿಸಿತು. ಸಡಿಲ ಬಿಟ್ಟು ಕತ್ತರಿಸಲು ಹೋದರೆ ದಾರ ಅಂಚಿನ ಮೇಲೆ ಜಾರುತ್ತಾ ಮಡಚಿಕೊಳ್ಳುತ್ತಿತ್ತು, ತುಂಡಾಗಲೇ ಇಲ್ಲ. ಗರಗಸದ ಹಲ್ಲಿರುವ ಚಾಕುವಿನಿಂದ ಅದೇ ದಾರ ಸಡಿಲಿದ್ದರೂ ಹೋಯಿತು. ಹುಡುಗ ಎರಡನ್ನೂ ಕೈಯಾರೆ ಮಾಡಿ ನೋಡಿ ಸುಮಾರು ಹೊತ್ತು ಮಾತಾಡಲಿಲ್ಲ.

ಇನ್ನೊಂದು ಸಂಗತಿ ನನಗೂ ನೋಡಬೇಕಿತ್ತು. ಪಕ್ಕದ ಮನೆಯವರ ಈಜುಕೊಳದಲ್ಲಿ, ಈಟಿ ತೆಗೆದ ಗನ್ ಬಿಟ್ಟು ನೋಡಿದೆವು. ರೀಲ್ ಸಮೇತ ಮುಳುಗಿತು. ರೀಲ್ ಕಳಚಿ ಬಿಟ್ಟರೆ ತೇಲಿತು. ಅಂದರೆ ಗನ್ ಕಳೆದುಹೋಗುವ ಭಯ ಹುಟ್ಟಿದ್ದೇ ರೀಲಿನಿಂದ, ಆ ಭಯದಿಂದ ಬೆಲ್ಟಿಗೆ ಕ್ಲಿಪ್ ಬಂತು. ಒಂದು ಆಯ್ಕೆ ಇನ್ನೊಂದನ್ನು ಎಳೆದು ತಂದದ್ದು ಹೀಗೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಆ ಕ್ಲಿಪ್. ಸಿಕ್ಕಿಕೊಂಡ ರೀಲ್, ಗಿಡ್ಡ ಲೈನ್, ಮೊಂಡು ಹಿಡಿದ ಮೀನು, ಇವೆಲ್ಲ ಸೇರಿದರೂ ಗನ್ ಬಿಟ್ಟರೆ ಮುಗಿಯಿತು. ಮೀನು ಹೋಗುತ್ತದೆ, ಗನ್ ಹೋಗುತ್ತದೆ. ಕ್ಲಿಪ್ ಇದ್ದದ್ದರಿಂದ ಬಿಡುವ ದಾರಿಯೇ ಇರಲಿಲ್ಲ.

ಮೂರು ದಾರಿ

ಅವನು ಮೊದಲು ಕೇಳಿದ್ದು ರೀಲನ್ನೇ ಸರಿಮಾಡಿ ಬಳಸಬಹುದಾ ಅಂತ. ಬಳಸಬಹುದು. ದೊಡ್ಡ ರೀಲ್ ಹಾಕಿ, 50 ಮೀಟರ್ ಲೈನ್ ಬಿಗಿಯಾಗಿ ಸುತ್ತಿ, ಡ್ರ್ಯಾಗ್ ಸಡಿಲಿಸಿದರೆ 11 ಮೀಟರಿನ ಜಾಗಕ್ಕೆ ಉದ್ದ ಸಾಕಷ್ಟಾಯಿತು. ರೀಲಿನ ಗುಣ ಸಣ್ಣದಲ್ಲ. ಬೆನ್ನ ಹಿಂದೆ ಹಗ್ಗ ಎಳೆದುಕೊಂಡು ತಿರುಗಬೇಕಿಲ್ಲ. ಕೆಲ್ಪ್ ಅನ್ನುವ ಕಡಲ ಪಾಚಿಯ ಕಾಡಿನಲ್ಲಿ, ನೊರೆ ಒಡೆಯುವ ಬಂಡೆ ಸಂದಿಗಳಲ್ಲಿ ಫ್ಲೋಟ್ ಲೈನ್ ಹೆಜ್ಜೆಗೊಮ್ಮೆ ಸಿಕ್ಕುತ್ತದೆ, ರೀಲ್ ಸಿಕ್ಕುವುದಿಲ್ಲ. ಅನುಭವಿಗಳು ಅದನ್ನು ಇಷ್ಟಪಡುವುದು ಇದಕ್ಕೇ.

ಆದರೆ ರೀಲಿನಲ್ಲಿ ಮೀನಿನ ಎಳೆತ ಬೀಳುವುದು ನಿಮ್ಮ ಕೈಗೆ. ಲೈನ್ ಮುಗಿದರೆ ಅಥವಾ ಸಿಕ್ಕಿಕೊಂಡರೆ ಆ ಕ್ಷಣದಲ್ಲಿ, ಉಸಿರು ಕಟ್ಟಿರುವಾಗಲೇ, ಗನ್ ಬಿಡಬೇಕಾ ಹಿಡಿದಿರಬೇಕಾ ಅಂತ ನಿರ್ಧರಿಸಬೇಕು. ಮೊದಲ ದೊಡ್ಡ ಮೀನು ಹೊಡೆದ ಉತ್ಸಾಹದಲ್ಲಿರುವ ಹುಡುಗ ಗನ್ ಬಿಡುತ್ತಾನಾ? ನಾನು ನಂಬುವುದಿಲ್ಲ. ಆ ಗನ್ ಕೈಬಿಟ್ಟರೆ ಮುಳುಗುತ್ತದೆ ಅಂತ ಗೊತ್ತಿದ್ದರಂತೂ ಬಿಡುವುದೇ ಇಲ್ಲ.

ಎರಡನೆಯ ದಾರಿ ಫ್ಲೋಟ್ ಲೈನ್. ಗನ್ನಿನ ಹಿಡಿಯಿಂದ ಉದ್ದನೆಯ ದಪ್ಪ ಲೈನ್ ಮೇಲಿನ ಫ್ಲೋಟಿಗೆ. ಮೀನು ಹೊಡೆದ ತಕ್ಷಣ ಗನ್ ಬಿಟ್ಟು ಮೇಲೆ ಬರುವುದು, ಉಸಿರಾಡಿ, ಆಮೇಲೆ ಮೇಲಿನಿಂದ ಲೈನ್ ಹಿಡಿದು ಮೀನಿನ ಜೊತೆ ಮಾತುಕತೆ. ಲೈನ್ ಇಲ್ಲೂ ಮುಗಿಯಬಹುದು. ಮುಗಿದಾಗ ಮೀನು ಎಳೆಯುವುದು ಫ್ಲೋಟನ್ನು. 11 ಲೀಟರಿನ ಗಟ್ಟಿ ಫ್ಲೋಟ್ ಸುಮಾರು 10 ಕಿಲೋ ಎತ್ತುವ ಬಲ ಕೊಡುತ್ತದೆ. ಐದಾರು ಕಿಲೋದ ಕಿಂಗ್‌ಫಿಶ್ ಅದನ್ನು ಅಲುಗಾಡಿಸಬಹುದು, ಸ್ವಲ್ಪ ಹೊತ್ತು ಓರೆಯಾಗಿ ನೀರೊಳಗೆ ಎಳೆಯಲೂಬಹುದು, ಆದರೆ ಸುಸ್ತಾಗುವುದು ಮೀನೇ. ಫ್ಲೋಟಿಗೆ ಉಸಿರಿನ ಚಿಂತೆ ಇಲ್ಲ. ಈ ಹುಡುಗನಿಗೆ ಇದೇ ಸರಿ ಅಂತ ನನಗೆ ಅನಿಸಿದ್ದು ಈ ಒಂದೇ ಕಾರಣಕ್ಕೆ.

ಮೂರನೆಯದು ಬ್ರೇಕ್‌ಅವೇ. ಇದರಲ್ಲಿ ಫ್ಲೋಟ್ ಲೈನ್ ನೇರವಾಗಿ ಈಟಿಯ ಶೂಟಿಂಗ್ ಲೈನಿಗೆ ಸೇರಿರುತ್ತದೆ, ಗನ್ನಿಗೆ ಬರೀ ಒಂದು ಸಣ್ಣ ಪಿನ್ನೋ ಕುಣಿಕೆಯೋ ಹಿಡಿದುಕೊಂಡಿರುತ್ತದೆ. ಹೊಡೆದಾಗ ಅದು ಬಿಟ್ಟುಕೊಂಡು, ಗನ್ ಕೈಯಲ್ಲೇ ಉಳಿದು, ಮೀನು ಫ್ಲೋಟಿನ ಜೊತೆ ಹೋಗುತ್ತದೆ. ಡಾಗ್‌ಟೂತ್ ಟ್ಯೂನಾದಂಥ ಭಾರಿ ಮೀನಿಗೆ ಹೋಗುವವರು ಇದನ್ನೇ ಕಟ್ಟುತ್ತಾರೆ, ಜೊತೆಗೆ ಹಿಗ್ಗುವ ಬಂಜಿ ಲೈನೂ ಇರುತ್ತದೆ. ಚೆನ್ನಾದ ವ್ಯವಸ್ಥೆ. ಆದರೆ ಹೊಸಬನ ಕೈಯಲ್ಲಿ ಪಿನ್ ಬೇಡದಾಗ ಬಿಚ್ಚಿಕೊಳ್ಳುತ್ತದೆ, ನೀರಲ್ಲಿ ಮತ್ತೆ ಕೂರಿಸುತ್ತಾ ಕೂರುವಾಗ ಲೋಡ್ ಆಗಿರುವ ಗನ್ ಯಾವ ಕಡೆ ಮುಖ ಮಾಡಿದೆ ಅನ್ನುವುದೇ ಮರೆತುಹೋಗುತ್ತದೆ. ದಡದಿಂದ ಈಜಿ ಹೋಗಿ, 80 ಸೆಂಟಿಮೀಟರಿನ ಮೀನು ಹುಡುಕುವವನಿಗೆ ಸದ್ಯಕ್ಕೆ ಬೇಡ ಅಂದೆ.

ಫ್ಲೋಟ್ ಲೈನಿಗೆ ಅವನು ಸುಲಭಕ್ಕೆ ಒಪ್ಪಲಿಲ್ಲ. "ಅಣ್ಣ, ಆ ಜಾಗದಲ್ಲಿ ದಡದ ಹತ್ತಿರ ಪೂರ್ತಿ ಕೆಲ್ಪ್. ಹಗ್ಗ ಬಿಡಿಸುವುದೇ ಕೆಲಸ ಆಗ್ತದೆ" ಅಂದ. ಅವನು ಹೇಳಿದ್ದು ಸರಿಯೇ. ಆದರೆ ಕಿಂಗ್‌ಫಿಶ್ ಸಿಗುವುದು ಕೆಲ್ಪ್ ಮುಗಿದು ತಳ ಇಳಿಯುವ ಅಂಚಿನಲ್ಲಿ. ಅಲ್ಲಿಯವರೆಗೆ ಲೈನನ್ನು ಫ್ಲೋಟಿಗೇ ಸುತ್ತಿಟ್ಟು ಈಜಿ ಹೋಗಿ, ಅಂಚು ದಾಟಿದ ಮೇಲೆ ಬಿಡಬಹುದಲ್ವಾ? ಅದಕ್ಕೆ ಒಪ್ಪಿದ. ನೊರೆಯೊಳಗೆ ಸಣ್ಣ ಮೀನಿಗೆ ಹೋಗುವ ದಿನ ಬೇರೆ, ಕಿಂಗ್‌ಫಿಶ್ ದಿನ ಬೇರೆ ಅಂತ ಇಟ್ಟುಕೊಂಡರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಕಟ್ಟಿದ್ದು ಹೀಗೆ

ಗನ್ನಿನಿಂದ ರೀಲ್ ತೆಗೆದೆವು. ಬೆಲ್ಟಿನ ಕ್ಲಿಪ್ಪು, ಬಳ್ಳಿ ಎರಡೂ ಹೋದವು. ದೇಹಕ್ಕೆ ಸೇರುವ ಲೈನ್ ಒಂದೂ ಇಲ್ಲ.

ಶೂಟಿಂಗ್ ಲೈನ್ 1.8 ಮಿಲಿಮೀಟರ್ ಮೋನೋ, ಅಂದರೆ ಹೆಣೆಯದ ಒಂಟಿ ಎಳೆಯ ಲೈನ್. ಡೈನೀಮಾಕ್ಕಿಂತ ಬಿರುಸು, ಹಾಗಾಗಿ ಸಡಿಲವಾದಾಗ ಬೇಗ ಗಂಟಾಗುವುದಿಲ್ಲ. ಬಂಡೆಗೆ ಉಜ್ಜಿದರೆ ಅದರ ಮೈ ಬೆಳ್ಳಗೆ ಒರಟಾಗಿ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ತಗಲುತ್ತದೆ. ಕಂಡ ದಿನವೇ ಬದಲಿಸಬಹುದು. ತುದಿಗಳಿಗೆ ಲೈನಿನ ದಪ್ಪಕ್ಕೆ ಹೊಂದುವ ಕ್ರಿಂಪ್, ಅಂದರೆ ಗಂಟಿನ ಬದಲು ಒತ್ತಿ ಕೂರಿಸುವ ಸಣ್ಣ ಲೋಹದ ಕೊಳವೆ. ಕ್ರಿಂಪನ್ನು ನಡುವೆ ಮಾತ್ರ ಒತ್ತಿ, ಎರಡು ಬಾಯಿಗಳನ್ನು ಸ್ವಲ್ಪ ಅಗಲವಾಗಿಯೇ ಬಿಟ್ಟೆವು. ಅಂಚಿನವರೆಗೆ ಒತ್ತಿದರೆ ಆ ಲೋಹದ ಅಂಚೇ ಲೈನನ್ನು ಕಡಿಯುತ್ತದೆ. ಹೊರಗುಳಿದ ತುದಿಯನ್ನು ಲೈಟರಿನಲ್ಲಿ ಕರಗಿಸಿ ಸಣ್ಣ ಗುಂಡು ಮಾಡಿದರೆ ಜಾರಿ ಒಳಹೋಗುವುದಿಲ್ಲ. ಈಟಿಯ ಬಾಲದ ತೂತಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿದರೆ ಚೂಪಿತ್ತು, ಸಣ್ಣ ಅರದಲ್ಲಿ ಉಜ್ಜಿ ನುಣುಪು ಮಾಡಿದೆವು. ಲೈನ್ ಮೊದಲು ಸವೆಯುವುದು ಅಲ್ಲೇ.

ಗನ್ನಿನ ಹಿಡಿಗೆ ತಿರುಗಣಿ ಇರುವ ಕ್ಲಿಪ್, ಅಲ್ಲಿಂದ 25 ಮೀಟರ್ ಫ್ಲೋಟ್ ಲೈನ್, 8 ಮಿಲಿಮೀಟರ್ ದಪ್ಪದ ಪಿವಿಸಿ ಕೊಳವೆ ಹೊದಿಸಿದ್ದು. ಕೈಗೆ ಹಿಡಿಯಲು ಸಿಗುವಷ್ಟು ದಪ್ಪ, ಬಿಗಿ ಕುಣಿಕೆ ಬೀಳದಷ್ಟು ಗಟ್ಟಿ. ಆಳದ ಒಂದೂವರೆ ಪಟ್ಟಾದರೂ ಬೇಕು ಅಂತ ನಾನು ಲೆಕ್ಕ ಹಾಕುತ್ತೇನೆ. 14 ಮೀಟರಿನವರೆಗೆ ಇದು ಆರಾಮ. ತೀರಾ ಉದ್ದ ಮಾಡಿದರೆ ಮೇಲೆ ಸಡಿಲ ಹಗ್ಗ ಹರಡಿಕೊಂಡಿರುತ್ತದೆ, ವಾರಾಂತ್ಯದಲ್ಲಿ ದೋಣಿ ಓಡಾಡುವ ಜಾಗದಲ್ಲಿ ಅದು ಪ್ರೊಪೆಲ್ಲರಿಗೆ ಸಿಕ್ಕರೆ ಇನ್ನೊಂದೇ ಅಪಾಯ. ಮೇಲೆ 11 ಲೀಟರಿನ ಫ್ಲೋಟ್, ಅದಕ್ಕೆ ನೀಲಿ ಬಿಳಿ ಬಣ್ಣದ ಡೈವರ್ ಧ್ವಜ. ಹೊಡೆದ ಮೀನನ್ನು ಪೋಣಿಸುವ ಕಂಬಿಯೂ ಫ್ಲೋಟಿಗೇ. ರಕ್ತ ಸುರಿಯುವ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ಶಾರ್ಕ್ ಇರುವ ನೀರಲ್ಲಿ ತಿರುಗಬಾರದು.

ಚಾಕುವನ್ನು ಕಾಲಿನಿಂದ ಬೆಲ್ಟಿನ ಮುಂಭಾಗಕ್ಕೆ ತಂದೆವು, ಗರಗಸದ ಹಲ್ಲಿನದು, ಎರಡೂ ಕೈಗೆ ಎಟುಕುವ ಹಾಗೆ. ಇದರಲ್ಲಿ ಒಂದು ತೊಡಕಿದೆ. ಬೆಲ್ಟ್ ಬಿಟ್ಟರೆ ಚಾಕುವೂ ಹೋಗುತ್ತದೆ. ಅದಕ್ಕೆ ಎಡ ಮುಂದೋಳಿಗೆ ಕೊಕ್ಕೆ ಬಾಯಿಯ ಸಣ್ಣ ಲೈನ್ ಕಟರ್ ಒಂದನ್ನು ಪಟ್ಟಿ ಹಾಕಿ ಕಟ್ಟಿದೆವು. ಮೊದಲು ಗನ್ ಬಿಡು, ಆಗದಿದ್ದರೆ ಕತ್ತರಿಸು, ಅದೂ ಆಗದಿದ್ದರೆ ಬೆಲ್ಟ್ ಬಿಡು. ಬೆಲ್ಟಿನ ಬಕಲ್ ರಬ್ಬರಿನದು, ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಆವತ್ತು ಅವನನ್ನು ಉಳಿಸಿದ್ದು ಅದೇ ಬಕಲ್. ಅದನ್ನು ಬದಲಿಸಲಿಲ್ಲ.

ಸಾಮಾನಿಗಿಂತ ದೊಡ್ಡ ಬದಲಾವಣೆ ಇನ್ನೊಂದು. ಇಬ್ಬರಿಗೂ ಸೇರಿ ಒಂದೇ ಗನ್, ಒಂದೇ ಫ್ಲೋಟ್. ಒಬ್ಬ ಕೆಳಗಿದ್ದರೆ ಇನ್ನೊಬ್ಬನ ಕೈಯಲ್ಲಿ ಗನ್ ಇರುವುದೇ ಇಲ್ಲ, ಹಾಗಾಗಿ ಅವನಿಗೆ ಮೇಲಿನಿಂದ ನೋಡುವುದೊಂದೇ ಕೆಲಸ. ಕೆಳಗಿನವನು ಬಂದ ಮೇಲೂ ಅರ್ಧ ನಿಮಿಷ ಅವನ ಮುಖ ನೋಡುತ್ತಿರಬೇಕು. ಮತ್ತೆ ಮುಳುಗುವ ಮುಂಚೆ, ಕೆಳಗಿದ್ದ ಹೊತ್ತಿನ ಎರಡು ಪಟ್ಟಾದರೂ ಮೇಲೆ ಇರಬೇಕು. ಜೋರಾಗಿ ಬೇಗ ಬೇಗ ಉಸಿರೆಳೆದು ಹೊರಡುವ ಅಭ್ಯಾಸ ಅವನಿಗೆ ಸ್ವಲ್ಪ ಇತ್ತು. ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿದು, ಉಸಿರು ಬೇಕು ಅನ್ನುವ ಎಚ್ಚರಿಕೆ ತಡವಾಗಿ ಬರುತ್ತದೆ. ಬಿಡಿಸಿದೆವು.

ಆಮೇಲೆ

ಮೀನಿಗೆ ಹೋಗುವ ಮುಂಚೆ ಮರಳು ತಳದ 5 ಮೀಟರ್ ಜಾಗದಲ್ಲಿ, ರಬ್ಬರ್ ಎಳೆಯದೆ, ಈಟಿಯನ್ನು ಸುಮ್ನೆ ಗನ್ನಿನಲ್ಲಿ ಇಟ್ಟುಕೊಂಡು ಅಭ್ಯಾಸ ಮಾಡಿದರು. ಕೆಳಗೆ ಹೋಗು, ಜೊತೆಗಾರ ಮೇಲಿನಿಂದ ಲೈನ್ ಎಳೆಯುತ್ತಾನೆ, ಗನ್ ಬಿಡು, ಮೇಲೆ ಬಾ. ಶುರುವಿನಲ್ಲಿ ಎಳೆತ ಬಂದಾಗಲೆಲ್ಲ ಅವನ ಬೆರಳುಗಳು ಹಿಡಿಯನ್ನು ಇನ್ನೂ ಬಿಗಿ ಮಾಡುತ್ತಿದ್ದವು. ಸ್ವಭಾವವೇ ಹಾಗೆ. ಎಳೆದರೆ ಬಿಡಬೇಕು ಅನ್ನುವುದು ಕೈಗೆ ಬರುವವರೆಗೆ ಮಾಡಿದರು. ಮೇಲೆ ಬಂದು ಲೈನ್ ಎಳೆಯುವಾಗ ಎಳೆದ ಹಗ್ಗ ಬೆನ್ನ ಹಿಂದೆ ತೇಲಿ ಹೋಗುವ ಹಾಗೆ, ನೀರಿನ ಹರಿವು ಇರುವ ಕಡೆಗೆ ಬಿಡುವುದನ್ನೂ ಕಲಿತರು. ಎಳೆದ ಹಗ್ಗ ಎದೆಯ ಮುಂದೆ ಗುಡ್ಡೆ ಬೀಳಬಾರದು, ಕಾಲ ಕೆಳಗಂತೂ ಬೀಳಲೇಬಾರದು.

ಚಳಿ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಅದೇ ಅಂಚಿನಲ್ಲಿ ಕಿಂಗ್‌ಫಿಶ್ ಸಿಕ್ಕಿತು. ಹೊಡೆದ, ಬಿಟ್ಟ, ಮೇಲೆ ಬಂದ. ಫ್ಲೋಟ್ ಒಂದೆರಡು ಸಲ ಜಗ್ಗಿ ಓರೆಯಾಯಿತು, ಆಮೇಲೆ ನಿಧಾನಕ್ಕೆ ಸುತ್ತು ಹಾಕಿತು. ಪೂರ್ತಿ ಉಸಿರಾಡಿಕೊಂಡ ಮೇಲೆಯೇ ಲೈನಿಗೆ ಕೈ ಹಾಕಿದರು. ಮೀನು ಮೇಲೆ ಬಂದಾಗ ಕಿವಿರಿಗೆ ಕೈ ಹಾಕಿ ಹಿಡಿದು, ಕಣ್ಣಿನ ಹಿಂದೆ ಚಾಕು ಇಳಿಸಿ ತಕ್ಷಣ ಮುಗಿಸಿದರು. ಮೀನನ್ನು ಒದ್ದಾಡಿಸಬಾರದು, ಅದಕ್ಕೂ ಒಳ್ಳೆಯದು, ನಿಮ್ಮ ಪಕ್ಕದಲ್ಲಿ ಬೀಸಾಡುವ ಈಟಿಯ ಮೊನೆಯಿಂದ ನಿಮಗೂ ಒಳ್ಳೆಯದು. ಅಳತೆ 74 ಸೆಂಟಿಮೀಟರ್. ಇಲ್ಲಿ 65ಕ್ಕಿಂತ ಚಿಕ್ಕ ಕಿಂಗ್‌ಫಿಶ್ ಇಟ್ಟುಕೊಳ್ಳುವಂತಿಲ್ಲ, ಒಬ್ಬರಿಗೆ ಐದಕ್ಕಿಂತ ಜಾಸ್ತಿಯೂ ಇಲ್ಲ. ಈಟಿ ಹೊಡೆದ ಮೀನನ್ನು ಮತ್ತೆ ನೀರಿಗೆ ಬಿಡಲು ಆಗುವುದಿಲ್ಲ, ಆದ್ದರಿಂದ ಅಳತೆ ಕಣ್ಣಲ್ಲೇ ಮುಂಚೆ ಆಗಬೇಕು. ಅನುಮಾನ ಬಂದರೆ ಹೊಡೆಯಬಾರದು. ಹಾಗೆಯೇ ಬ್ಲೂ ಗ್ರೋಪರ್ ಅನ್ನುವ ದೊಡ್ಡ ಮೀನು ಎಷ್ಟೇ ಹತ್ತಿರ ಬಂದರೂ ಈಟಿ ಎತ್ತುವಂತಿಲ್ಲ, ಮ್ಯಾನ್ಲಿ ಪಕ್ಕದ ಕ್ಯಾಬೇಜ್ ಟ್ರೀ ಬೇಯಂಥ ಸಂರಕ್ಷಿತ ಜಾಗಗಳಿಗೆ ಗನ್ ಒಯ್ಯುವ ಮಾತೇ ಇಲ್ಲ. ಹೊಸ ಜಾಗಕ್ಕೆ ಹೋಗುವ ಮುಂಚೆ ನಕ್ಷೆ ನೋಡಿಕೊಳ್ಳಿ.

ರೀಲನ್ನು ಬಿಸಾಡಲಿಲ್ಲ. ಕೊನೆಗೆ ಅದರ ಜಾಗಕ್ಕೆ ಸ್ವಲ್ಪ ದೊಡ್ಡದೊಂದು ಬಂತು, ಚಳಿಗಾಲದಲ್ಲಿ ಕೆಲ್ಪಿನ ನಡುವೆ ಸಣ್ಣ ಮೀನಿಗೆ ಹೋಗುವ ಬೇರೆ ಗನ್ನಿಗೆ. 50 ಮೀಟರ್, 1.8 ಮಿಲಿಮೀಟರ್ ಲೈನ್. ಸುತ್ತುವಾಗ ಲೈನ್ ನೆನೆಸಿ, ತುದಿಯನ್ನು ಹಿತ್ತಲ ಬೇಲಿ ಕಂಬಕ್ಕೆ ಕಟ್ಟಿ, ಒಬ್ಬ ಗ್ಲೌಸ್ ಹಾಕಿದ ಕೈಯಲ್ಲಿ ಒತ್ತಿ ಹಿಡಿದು, ಇನ್ನೊಬ್ಬ ರೀಲ್ ತಿರುಗಿಸುತ್ತಾ ಕಂಬದ ಕಡೆ ನಡೆದು ಬಂದ. ಸುತ್ತು ಬೆರಳಿಗೆ ಕಲ್ಲಿನಷ್ಟು ಗಟ್ಟಿ ಆಗಬೇಕು. ಆಮೇಲೆ ಕಂಬಕ್ಕೆ ಕಟ್ಟಿಯೇ ಜೋರಾಗಿ ಹಿಂದಕ್ಕೆ ಓಡಿ ಪೂರ್ತಿ 50 ಮೀಟರೂ ಬಿಟ್ಟುಕೊಳ್ಳುತ್ತದಾ ನೋಡಿದರು, ಮತ್ತೆ ಸುತ್ತಿದರು. ಡ್ರ್ಯಾಗ್, ಕೈಯಿಂದ ಎಳೆದರೆ ಸಲೀಸಾಗಿ ಬಿಡುವಷ್ಟು ಸಡಿಲ, ಆದರೆ ತಾನಾಗಿ ಬುಸ್ಸನೆ ಬಿಟ್ಟು ಗೋಜಲಾಗದಷ್ಟು ಬಿಗಿ. ಹೆಚ್ಚು ತಡೆ ಬೇಕಾದರೆ ಹೆಬ್ಬೆರಳಿದೆ. ಆ ಗನ್ ರೀಲ್ ಸಮೇತ ತೇಲಲಿ ಅಂತ ಮೂತಿಯ ಹತ್ತಿರ ಫೋಮ್ ಸುತ್ತಿದ್ದಾರೆ. ಕೊಳದಲ್ಲಿ ಬಿಟ್ಟು ನೋಡಿದರು, ತೇಲಿತು. ರೀಲ್ ಇರುವ ದಿನವೂ ಧ್ವಜ ಹೊತ್ತ ಫ್ಲೋಟ್ ಜೊತೆಗೆ ಹೋಗುತ್ತದೆ, ಮೇಲಿರುವವನ ಕೈಯಲ್ಲಿ.

ಮುಂದಿನ ಬೇಸಿಗೆಗೆ ದೋಣಿಯಲ್ಲಿ 20 ಮೀಟರಿನ ಬಂಡೆಗಳಿಗೆ ಹೋಗುವ ಆಸೆ ಅವನಿಗಿದೆ. ಅಲ್ಲಿ 25 ಮೀಟರ್ ಲೈನ್ ಸಾಲುವುದಿಲ್ಲ, ಮೀನೂ ದೊಡ್ಡದು. ಆಗ ಬ್ರೇಕ್‌ಅವೇ ಕಟ್ಟಬೇಕು, ಬಂಜಿ ಸೇರಿಸಬೇಕು, ಎರಡನೇ ಫ್ಲೋಟ್ ಬೇಕು. ಅದಕ್ಕಿಂತ ಮುಂಚೆ ಇಬ್ಬರೂ ಫ್ರೀಡೈವಿಂಗ್, ಅಂದರೆ ಉಸಿರು ಕಟ್ಟಿ ಮುಳುಗುವ, ಕೋರ್ಸ್ ಮುಗಿಸಬೇಕು, ನೀರಲ್ಲಿ ಪ್ರಜ್ಞೆ ತಪ್ಪಿದವನನ್ನು ಎತ್ತಿ ಉಸಿರು ಕೊಡುವುದನ್ನು ಒಬ್ಬರ ಮೇಲೊಬ್ಬರು ಮಾಡಿ ಕಲಿಯಬೇಕು ಅಂತ ಹೇಳಿದ್ದೇನೆ. ಇಬ್ಬರೂ ಹೆಸರು ಕೊಟ್ಟಿದ್ದಾರೆ.